ಬದುಕಿದರು ಅಂತ ಬರೆದು ಫೈಲ್ ಮುಚ್ಚಬೇಡಿ

ಆಸ್ಪತ್ರೆ ನಡೆಸುವವರಿಗೆ, ಆರೋಗ್ಯ ಇಲಾಖೆಯಲ್ಲಿ ಕೂತು ಲೆಕ್ಕ ಕೇಳುವವರಿಗೆ, ವಿಮೆಯ ಫೈಲಿಗೆ ಸಹಿ ಹಾಕುವವರಿಗೆ,

ನಮಸ್ಕಾರ. ನಾನು ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಸರ್ಜನ್ ಚರ್ಮ ಕಸಿ ಮಾಡಿ ಮುಗಿಸಿದ ಮೇಲೆ ಕೈ ಬಗ್ಗಿಸಿ, ಕತ್ತು ಎತ್ತಿ, ಇನ್ನೊಂದು ಹೆಜ್ಜೆ ಇಡಿ ಅಂತ ಹಿಂದೆ ಬಿದ್ದು ಪೇಷಂಟ್ ಹತ್ತಿರ ಬೈಸಿಕೊಳ್ಳುವವಳು. ಬೈದರೂ ಪರವಾಗಿಲ್ಲ, ನೋವು ಅವರದು.

ಪ್ರತಿ ವರ್ಷ ನೀವು ವಾರ್ಡಿನ ವರದಿ ಕೇಳುತ್ತೀರಿ. ಎಷ್ಟು ಜನ ಬಂದರು, ಎಷ್ಟು ಜನ ತೀರಿಕೊಂಡರು, ಎಷ್ಟು ಜನ ಡಿಸ್ಚಾರ್ಜ್ ಆದರು, ಸರಾಸರಿ ಎಷ್ಟು ದಿನ ಹಾಸಿಗೆ ಹಿಡಿದಿದ್ದರು. ಅಷ್ಟೇ. ಡಿಸ್ಚಾರ್ಜ್ ಆದವರು ಆಮೇಲೆ ಏನಾದರು ಅಂತ ಬರೆಯೋಕೆ ಆ ಫಾರಂನಲ್ಲಿ ಒಂದು ಕಾಲಂ ಕೂಡ ಇಲ್ಲ. ನನ್ನ ತಕರಾರು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ನಿಮಗೆ ಸಲ್ಲಬೇಕಾದ್ದು ಸಲ್ಲಲಿ. ಜೀವ ಉಳಿಸುವ ಕೆಲಸದಲ್ಲಿ ವೈದ್ಯರು ಮಾಡಿರುವ ಸಾಧನೆ ಸಣ್ಣದಲ್ಲ. 1961ರಲ್ಲಿ ಸೆರ್ಜ್ ಬೋ ಎಂಬ ಫ್ರೆಂಚ್ ವೈದ್ಯರು ಒಂದು ಸರಳ ಲೆಕ್ಕ ಕೊಟ್ಟರು. ವಯಸ್ಸು ಮತ್ತು ಮೈಯ ಶೇಕಡಾ ಎಷ್ಟು ಸುಟ್ಟಿದೆ ಅನ್ನುವುದು, ಎರಡನ್ನೂ ಕೂಡಿಸಿ. ಮೊತ್ತ 100ರ ಹತ್ತಿರ ಹೋದರೆ ಆಗ ಆಸೆ ಬಿಡುತ್ತಿದ್ದರು. ಈಗ ಒಳ್ಳೆಯ ಕೇಂದ್ರಗಳಲ್ಲಿ ಆ ಮೊತ್ತ 110ರ ಆಸುಪಾಸಿನಲ್ಲಿದ್ದರೂ ಅರ್ಧ ಜನ ಉಳಿಯುತ್ತಾರೆ, ಅದೂ ಹೊಗೆ ಕುಡಿದು ಶ್ವಾಸಕೋಶ ಕೆಟ್ಟಿದ್ದರೆ ಅದಕ್ಕೆ ಬೇರೆ 17 ಅಂಕ ಸೇರಿಸಿದ ಮೇಲೆ. ಸುಮ್ನೆ ಆದದ್ದಲ್ಲ ಇದು. 1968ರ ಹೊತ್ತಿಗೆ ಚಾರ್ಲ್ಸ್ ಬ್ಯಾಕ್ಸ್‌ಟರ್ ಎಂಬ ಸರ್ಜನ್ ಮತ್ತು ಅವರ ಜೊತೆಗಾರರು ಸುಟ್ಟ ಮೊದಲ 24 ಗಂಟೆಯಲ್ಲಿ ಡ್ರಿಪ್ ಹಾಕಿ ಎಷ್ಟು ದ್ರವ ಕೊಡಬೇಕು ಅನ್ನುವ ಸೂತ್ರ ಮಾಡಿದರು, ಅದರಲ್ಲಿ ಅರ್ಧ ಮೊದಲ 8 ಗಂಟೆಗೇ ಹೋಗಬೇಕು ಅಂದರು. 1970ರಲ್ಲಿ ಜೋರಾ ಯಾನ್‌ಜೆಕೋವಿಚ್ ಎಂಬ ಸರ್ಜನ್, ಸತ್ತ ಚರ್ಮ ತಾನಾಗಿ ಕಳಚಲಿ ಅಂತ ವಾರಗಟ್ಟಲೆ ಕಾಯಬೇಡಿ, ಮೊದಲ ಕೆಲವೇ ದಿನಗಳಲ್ಲಿ ಪದರ ಪದರವಾಗಿ ಹೆರೆದು ತೆಗೆದು ಕಸಿ ಹಾಕಿ ಅಂತ ಮಾಡಿ ತೋರಿಸಿದರು. 1984ರಲ್ಲಿ ಮೈಯ ಶೇಕಡಾ 95 ಭಾಗಕ್ಕಿಂತ ಜಾಸ್ತಿ ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಲ್ಯಾಬಿನಲ್ಲಿ ಬೆಳೆಸಿದ ಅವರದೇ ಚರ್ಮ ಹೊದ್ದು ಬದುಕಿದ ವರದಿ ಬಂತು.

ಹಾಗೆ ಬದುಕಿದವರು ಮನೆಗೆ ಹೋದ ಮೇಲಿನ ಕಥೆ ನನ್ನ ಕೋಣೆಗೆ ಬರುತ್ತದೆ. ಎಷ್ಟೋ ಸಲ ತಡವಾಗಿ ಬರುತ್ತದೆ.

ಒಂದು ಕೈಯ ಬಗ್ಗೆ ಹೇಳುತ್ತೇನೆ. ಅಂಗೈ ಚೆನ್ನಾಗಿದೆ, ಸುಟ್ಟಿರುವುದು ಮುಂಗೈ ಮೇಲ್ಭಾಗ. ಕಸಿ ಹಿಡಿದಿದೆ, ಸೋಂಕಿಲ್ಲ, ಡ್ರೆಸ್ಸಿಂಗ್ ಬಿಚ್ಚಿ ಆಗಿದೆ. ಫೈಲಿನಲ್ಲಿ 'ಗಾಯ ವಾಸಿ, ಡಿಸ್ಚಾರ್ಜ್' ಅಂತ ಬರೆದು ಸಹಿ ಬಿದ್ದಿದೆ. ಕೆಲವು ತಿಂಗಳಾದ ಮೇಲೆ ಆ ಮನುಷ್ಯ ವಾಪಸ್ ಬರುತ್ತಾನೆ. ಬೆರಳ ಬುಡದ ಗೆಣ್ಣುಗಳು ಹಿಂದಕ್ಕೆ ಎಳೆದುಕೊಂಡಿವೆ, ನಡುವಿನ ಗೆಣ್ಣುಗಳು ಒಳಕ್ಕೆ ಮಡಿಸಿಕೊಂಡಿವೆ. ಹೆಬ್ಬೆರಳು ಪಕ್ಕಕ್ಕೆ ಅಂಟಿದ ಹಾಗಿದೆ. ಅಂಗಿಯ ಗುಂಡಿ ಹಾಕಿ ತೋರಿಸಿ ಅಂದರೆ ಎರಡೂ ಕೈ ಎದೆಯ ಹತ್ತಿರ ತಂದು, ಬೆರಳಿನ ಬದಿಯಿಂದ ಗುಂಡಿಯನ್ನು ತಳ್ಳಿ ತಳ್ಳಿ, ಕೊನೆಗೆ ಬಾಯಿ ಹಾಕುತ್ತಾನೆ. ನಕ್ಕು, 'ಹೀಗೇ ನಡೀತಿದೆ' ಅನ್ನುತ್ತಾನೆ. ಅಂಗಿ ಬಿಟ್ಟು ಬರೀ ಟೀ ಶರ್ಟ್ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದಾನೆ.

ನಿಮ್ಮ ವರದಿಯಲ್ಲಿ ಇವನು ಯಶಸ್ಸಿನ ಲೆಕ್ಕಕ್ಕೆ ಸೇರಿದ್ದಾನೆ.

ಇಲ್ಲಿ ಯಾರ ಕೆಲಸವೂ ಕೆಟ್ಟಿರಲಿಲ್ಲ. ಸರ್ಜನ್ ಕೈ ಚಳಕದಿಂದ ಕಸಿ ಮಾಡಿದ್ದರು. ಆದರೆ ಚರ್ಮ ಮುಚ್ಚಿದ ದಿನ ಗಾಯದ ಕೆಲಸ ಮುಗಿಯುವುದಿಲ್ಲ, ಕಲೆಯ ಕೆಲಸ ಶುರುವಾಗುತ್ತದೆ. ವಾಸಿಯಾಗೋಕೆ ಮೂರು ವಾರಕ್ಕಿಂತ ಹೆಚ್ಚು ಹಿಡಿದ ಆಳದ ಸುಟ್ಟಗಾಯ ಮುಂದಿನ ತಿಂಗಳುಗಳಲ್ಲಿ ಕೆಂಪಾಗಿ, ದಪ್ಪವಾಗಿ ಏಳುತ್ತದೆ, ಗಟ್ಟಿಯಾಗುತ್ತದೆ, ಬಿಸಿಲಿಗೆ ಹಾಕಿದ ಹಸಿ ತೊಗಲಿನ ಹಾಗೆ ಮುದುಡುತ್ತದೆ. ಮೊದಲ ಆರು ತಿಂಗಳು ಅದರ ಅಬ್ಬರ ಜಾಸ್ತಿ. ತಣ್ಣಗಾಗಿ ಮೆತ್ತಗಾಗೋಕೆ ಒಂದು ವರ್ಷ, ಒಂದೂವರೆ ವರ್ಷ, ಕೆಲವರಿಗೆ ಎರಡು ವರ್ಷ ಬೇಕು. ಅಂದರೆ ನೀವು ಪೇಷಂಟನ್ನು ಮನೆಗೆ ಕಳಿಸುವುದು ಸರಿಯಾಗಿ ಕಲೆ ಎಳೆಯೋಕೆ ಶುರು ಮಾಡುವ ಹೊತ್ತಿಗೆ. ಆ ಹೊತ್ತಿನಲ್ಲಿ ರಾತ್ರಿ ಕೀಲನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್ ಕಟ್ಟಿ, ಹಗಲು ದಿನಕ್ಕೆ ನಾಲ್ಕೈದು ಸಲ ಬೆರಳು ಬಗ್ಗಿಸಿ, ಕಲೆಗೆ ಎಣ್ಣೆಯೋ ಕ್ರೀಮೋ ಹಚ್ಚಿ ತಿಕ್ಕಿ, ಎರಡು ವಾರಕ್ಕೊಮ್ಮೆ ಯಾರಾದರೂ ನೋಡಿ 'ಇಲ್ಲಿ ಬಿಗೀತಾ ಇದೆ' ಅಂತ ಹೇಳಿದ್ದರೆ ಆ ಕೈ ಬಹುಪಾಲು ಉಳಿಯುತ್ತಿತ್ತು. ಹೇಳುವವರೇ ಇರಲಿಲ್ಲ.

ಸುಟ್ಟಗಾಯದ ವಾರ್ಡಿನಲ್ಲಿ ನಾವು ಹೊಸಬರಿಗೆ ಮೊದಲು ಕಲಿಸುವ ಮಾತು ಒಂದಿದೆ: ಪೇಷಂಟಿಗೆ ಯಾವ ಭಂಗಿ ಹಾಯಾಗಿರುತ್ತದೋ ಅದೇ ಭಂಗಿಯಲ್ಲಿ ಕೀಲು ಕಟ್ಟಿಹೋಗುತ್ತದೆ. ಕತ್ತು ಸುಟ್ಟವರಿಗೆ ದಿಂಬು ಇಟ್ಟರೆ ಹಿತ, ಆದರೆ ದಿಂಬು ಕೊಡಬಾರದು. ಭುಜದ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಕತ್ತು ಹಿಂದಕ್ಕೆ ಚಾಚಿರುವ ಹಾಗೆ ಮಲಗಿಸಬೇಕು. ಕಂಕುಳು ಸುಟ್ಟಿದ್ದರೆ ತೋಳನ್ನು ಮೈಯಿಂದ ದೂರ, ಭುಜದ ಮಟ್ಟಕ್ಕೆ ಅಗಲಿಸಿ ಇಡಬೇಕು. ಮೊಣಕಾಲಿನ ಹಿಂದೆ ಸುಟ್ಟಿದ್ದರೆ ಕಾಲು ನೇರ ಇರಬೇಕು, ಮೊಣಕಾಲ ಕೆಳಗೆ ಒತ್ತು ಕೊಡುವ ಹಾಗಿಲ್ಲ. ಇವೆಲ್ಲ ಹಿಂಸೆ ಅನಿಸುತ್ತದೆ. ಮಗು ಅಳುವಾಗ ತಾಯಿ ದಿಂಬು ಕೊಟ್ಟೇ ಕೊಡುತ್ತಾಳೆ, ಅವಳ ಮೇಲೆ ರೇಗಿ ಏನು ಪ್ರಯೋಜನ? ಗದ್ದ ಎದೆಗೆ ಅಂಟಿಕೊಂಡು ಬಂದ ಮಕ್ಕಳ ತಾಯಂದಿರನ್ನು ಕೇಳಿದ್ದೇನೆ, ದಿಂಬಿನ ವಿಷಯ ಯಾರೂ ಅವರಿಗೆ ಹೇಳಿರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಆಂಟಿಬಯಾಟಿಕ್ ಹೆಸರು ಮಾತ್ರ ದೊಡ್ಡದಾಗಿತ್ತು.

ಮಕ್ಕಳ ವಿಷಯದಲ್ಲಿ ಇನ್ನೊಂದು ಇದೆ. ಮಗು ಬೆಳೆಯುತ್ತದೆ, ಕಲೆ ಅದರ ಜೊತೆ ಅಷ್ಟೇ ಬೆಳೆಯುವುದಿಲ್ಲ. ಮೂರು ವರ್ಷಕ್ಕೆ ಸರಿಯಾಗಿದ್ದ ಮೊಣಕೈ ಏಳನೇ ವರ್ಷಕ್ಕೆ ಮತ್ತೆ ಬಿಗಿಯಬಹುದು, ಹನ್ನೆರಡಕ್ಕೆ ಮತ್ತೆ. ಎದೆ ಸುಟ್ಟ ಹುಡುಗಿಗೆ ಸ್ತನ ಬೆಳೆಯುವ ವಯಸ್ಸಿನಲ್ಲಿ ಕಲೆ ಬಿಡಿಸುವ ಆಪರೇಷನ್ ಬೇಕಾಗಬಹುದು. ಇಂಥ ಮಕ್ಕಳ ಫೈಲು ಮೈ ಬೆಳೆದು ನಿಲ್ಲುವ ತನಕ ತೆರೆದೇ ಇರಬೇಕು.

ಈಗ ವಿಮೆಯವರ ಹತ್ತಿರ ನೇರವಾಗಿ ಒಂದು ಮಾತು. ಕತ್ತು ತಿರುಗಿಸಲಾಗದವರ ಬಿಗಿದ ಕಲೆ ಬಿಡಿಸುವ ಆಪರೇಷನ್ನಿಗೆ ಅರ್ಜಿ ಹಾಕಿದರೆ 'ಇದು ಸೌಂದರ್ಯ ಚಿಕಿತ್ಸೆ' ಅಂತ ವಾಪಸ್ ಕಳಿಸಿದ ಕಾಗದ ನನ್ನ ಕಣ್ಣಾರೆ ನೋಡಿದ್ದೇನೆ. ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣಿನ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ, ದೃಷ್ಟಿ ಹೋಗಬಹುದು. ಬಾಯಿಯ ಅಂಚು ಬಿಗಿದರೆ ಹಲ್ಲುಜ್ಜೋಕೆ ಆಗಲ್ಲ, ಮುಂದೆ ಯಾವುದೋ ಆಪರೇಷನ್ನಿಗೆ ಅರಿವಳಿಕೆ ಕೊಡುವಾಗ ಟ್ಯೂಬ್ ಹಾಕೋಕೆ ಡಾಕ್ಟರು ಪರದಾಡುತ್ತಾರೆ. ಇದರಲ್ಲಿ ಸೌಂದರ್ಯ ಎಲ್ಲಿ ಬಂತು ಹೇಳಿ? ಅಷ್ಟಕ್ಕೂ, ಮುಖದ ಮೇಲಿನ ಕಲೆ ಕಡಿಮೆಯಾದರೆ ಒಬ್ಬರು ಹೊರಗೆ ಹೋಗಿ ದುಡಿಯುತ್ತಾರೆ ಅಂದರೆ ಅದೂ ಚಿಕಿತ್ಸೆಯೇ, ನನ್ನ ಪ್ರಕಾರ.

ಪ್ರೆಶರ್ ಗಾರ್ಮೆಂಟ್ ಅಂತ ಬಿಗಿಯಾದ ಎಲಾಸ್ಟಿಕ್ ಬಟ್ಟೆ ಇದೆ. ದಿನಕ್ಕೆ ಹೆಚ್ಚು ಕಡಿಮೆ 23 ಗಂಟೆ ಹಾಕಿಕೊಳ್ಳಬೇಕು, ತಿಂಗಳುಗಟ್ಟಲೆ. ಅದರ ಎಲಾಸ್ಟಿಕ್ ಎರಡು ಮೂರು ತಿಂಗಳಲ್ಲಿ ಸಡಿಲವಾಗುತ್ತದೆ, ಹೊಸದು ಬೇಕು. ಅದರಿಂದ ಕಲೆಯ ದಪ್ಪ ಎಷ್ಟರಮಟ್ಟಿಗೆ ಇಳಿಯುತ್ತದೆ ಅನ್ನುವುದರಲ್ಲಿ ನಮ್ಮವರಲ್ಲೇ ಜಗಳ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲ ಜೊತೆಗೆ ದುಡ್ಡು ಕೊಟ್ಟು ಎರಡನೆಯದಕ್ಕೆ ಇಲ್ಲ ಅನ್ನುವುದು ಯಾವ ನ್ಯಾಯ? ಕೊಡುವುದಾದರೆ ಪೂರ್ತಿ ಕೊಡಿ, ಇಲ್ಲ ಅಂದರೆ ಮೊದಲೇ ಹೇಳಿ.

ನವೆ. ಇದನ್ನು ಹೇಳಿದರೆ ಎಲ್ಲರೂ ಸ್ವಲ್ಪ ನಗುತ್ತಾರೆ. ಇಷ್ಟು ದೊಡ್ಡ ಕಂಟಕ ದಾಟಿ ಬಂದವರು ಕೆರೆತಕ್ಕೆ ಅಳುತ್ತಾರಾ ಅಂತ. ಅಳುತ್ತಾರೆ ಸ್ವಾಮಿ. ಆಳವಾಗಿ ಸುಟ್ಟು ವಾಸಿಯಾದವರಲ್ಲಿ ಬಹಳಷ್ಟು ಜನರಿಗೆ ನವೆ ಇದ್ದೇ ಇರುತ್ತದೆ, ಕೆಲವರಿಗೆ ವರ್ಷಗಳು ಕಳೆದರೂ ಹೋಗಲ್ಲ. ರಾತ್ರಿ ಜಾಸ್ತಿ. ನಿದ್ದೆಯಲ್ಲಿ ಕೆರೆದು ಹೊಸ ಚರ್ಮ ಕಿತ್ತುಬರುತ್ತದೆ, ಬೆಳಗ್ಗೆ ಹಾಸಿಗೆ ಮೇಲೆ ರಕ್ತದ ಗೆರೆ. ಮಾಮೂಲಿ ಅಲರ್ಜಿ ಮಾತ್ರೆ ಎಷ್ಟೋ ಜನರಿಗೆ ಏನೂ ಮಾಡುವುದಿಲ್ಲ, ಯಾಕೆಂದರೆ ಇದು ನರಗಳು ಮತ್ತೆ ಬೆಳೆಯುವಾಗ ಹುಟ್ಟುವ ನವೆಯೂ ಹೌದು. ಅದಕ್ಕೆ ಗ್ಯಾಬಪೆಂಟಿನ್ ಥರದ ನರದ ಔಷಧಿಗಳು ಕೆಲಸ ಮಾಡುತ್ತವೆ. ಆದರೆ ಪೇಷಂಟು ಆರು ತಿಂಗಳಾದ ಮೇಲೆ ಡಾಕ್ಟರನ್ನು ನೋಡುವುದೇ ಇಲ್ಲ ಅಂದಾಗ ಬರೆದುಕೊಡುವವರು ಯಾರು?

ಬಿಸಿ ತಡೆಯಲಾಗದಿರುವುದೂ ಹಾಗೇ. ಕಸಿ ಮಾಡಿದ ಚರ್ಮದಲ್ಲಿ ಬೆವರಿನ ಗ್ರಂಥಿ ಕೆಲಸ ಮಾಡುವುದಿಲ್ಲ. ಮೈಯ ಅರ್ಧ ಭಾಗ ಕಸಿಯಾದವರು ಬಿಸಿ ಜಾಗದಲ್ಲಿ ಕೆಲಸ ಮಾಡಿದರೆ ಉಳಿದ ಅರ್ಧದಿಂದ ಧಾರಾಕಾರ ಬೆವರು ಹರಿದರೂ ಮೈ ತಣಿಯುವುದಿಲ್ಲ. ಅವರನ್ನು ಹಳೆಯ ಕೆಲಸಕ್ಕೇ, ಅದೇ ಬಾಯ್ಲರ್ ಪಕ್ಕಕ್ಕೇ ಕಳಿಸುತ್ತಾರೆ. ಕೆಲಸಗಳ್ಳ ಅನ್ನುವ ಹೆಸರು ಬೇರೆ.

ಸುಸ್ತಿನ ಮಾತೂ ಬಂತು ನೋಡಿ. ದೊಡ್ಡ ಸುಟ್ಟಗಾಯ ಆದಾಗ ಮೈ ತನ್ನ ಸ್ನಾಯುವನ್ನೇ ತಿಂದುಕೊಂಡು ಓಡುತ್ತದೆ. ಎದೆಬಡಿತ ಏರಿರುತ್ತದೆ, ಮೈ ಒಳಗೇ ಉರಿಯುತ್ತಿರುತ್ತದೆ. ಗಾಯ ಮುಚ್ಚಿದ ಮೇಲೆ ಇದು ನಿಲ್ಲುತ್ತದೆ ಅಂತ ಹಿಂದೆ ಅಂದುಕೊಂಡಿದ್ದರು. ಇಲ್ಲ, ಎರಡು ಮೂರು ವರ್ಷದ ತನಕ ಇರಬಹುದು ಅಂತ ಅಮೆರಿಕದ ಸುಟ್ಟಗಾಯದ ಸರ್ಜನ್ ಡೇವಿಡ್ ಹರ್ನ್‌ಡನ್ ಮತ್ತು ಅವರ ತಂಡ ಗ್ಯಾಲ್ವೆಸ್ಟನ್‌ನಲ್ಲಿ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳು ತೋರಿಸಿದವು. ಅದೇ ಕೇಂದ್ರದಲ್ಲಿ 12 ವಾರ ಉಸ್ತುವಾರಿಯಲ್ಲಿ ಭಾರ ಎತ್ತಿಸಿ ವ್ಯಾಯಾಮ ಮಾಡಿಸಿದ ಮಕ್ಕಳ ಸ್ನಾಯು ಮತ್ತು ಬಲ ಎರಡೂ ಏರಿದವು. ವ್ಯಾಯಾಮ ಅಂದರೆ ಔಷಧಿಯ ಜಾಗದಲ್ಲೇ ನಿಲ್ಲಬೇಕಾದ ಚಿಕಿತ್ಸೆ. ಎಷ್ಟು ವಾರ್ಡುಗಳಲ್ಲಿ ಅದಕ್ಕೊಂದು ಕೋಣೆ ಇದೆ? ನಾನು ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ ಆ ಕೋಣೆಯನ್ನು ಹಳೆ ಮಂಚ ತುಂಬೋಕೆ ಬಳಸುತ್ತಿದ್ದರು, ಸುಟ್ಟಗಾಯಕ್ಕೂ ಮೂಳೆ ವಾರ್ಡಿಗೂ ಸೇರಿ ನಾನೊಬ್ಬಳೇ.

ಮನಸ್ಸಿನ ವಿಷಯಕ್ಕೆ ಬರೋಣ. ಎಷ್ಟು ದೊಡ್ಡ ಗಾಯವೋ ಅಷ್ಟು ದೊಡ್ಡ ಮನೋಯಾತನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಶೇಕಡಾ ಎಷ್ಟು ಸುಟ್ಟಿದೆ ಅನ್ನುವುದರಿಂದ ಮನಸ್ಸು ಎಷ್ಟು ಕುಸಿಯುತ್ತದೆ ಅಂತ ಹೇಳೋಕೆ ಆಗುವುದಿಲ್ಲ ಅನ್ನುವುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಮೈಯ ಮುಕ್ಕಾಲು ಸುಟ್ಟವರು ನಗುತ್ತಾ ಓಡಾಡಬಹುದು, ಅಂಗೈ ಅಗಲದ ಗಾಯವಾದವರು ಬೆಂಕಿ ಕಡ್ಡಿ ಗೀರಿದ ಸದ್ದಿಗೆ ಬೆಚ್ಚಿ ಬೀಳಬಹುದು. 'ಸಣ್ಣ ಗಾಯ ತಾನೇ' ಅಂತ ಕೌನ್ಸೆಲಿಂಗಿಗೆ ಕಳಿಸದೆ ಬಿಟ್ಟವರು ಹೀಗೆಯೇ ತಪ್ಪಿಹೋಗುತ್ತಾರೆ. ಇದೇನು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. 1942ರಲ್ಲಿ ಬಾಸ್ಟನ್‌ನ ಕೋಕನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಉಳಿದವರನ್ನೂ ಸತ್ತವರ ಕಡೆಯವರನ್ನೂ ಮಾತಾಡಿಸಿ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲೇ ದುಃಖ ಹೇಗೆ ಕಾಡುತ್ತದೆ, ಹೇಗೆ ನೆರವಾಗಬೇಕು ಅಂತ ಬರೆದರು. 80 ವರ್ಷವಾಯಿತು. ಇಂದಿಗೂ ಎಷ್ಟೋ ವಾರ್ಡುಗಳಲ್ಲಿ ಮನಸ್ಸಿನ ಚಿಕಿತ್ಸೆ ಅಂದರೆ ರೌಂಡ್ಸ್ ಹೊತ್ತಿನಲ್ಲಿ 'ಧೈರ್ಯವಾಗಿರಿ' ಅನ್ನುವುದು.

ಇಷ್ಟೆಲ್ಲ ಓದಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ಒಂದು ಯೋಚನೆ ಬರಬಹುದು. ಕಾರಿಡಾರಿನಲ್ಲಿ ಆಗಾಗ ಕೇಳುವ ಮಾತೇ ಅದು: 'ಇಷ್ಟು ಸುಟ್ಟವರನ್ನು ಉಳಿಸಿ ಏನು ಬಂತು, ಅವರಿಗೂ ಕಷ್ಟ, ಮನೆಯವರಿಗೂ ಕಷ್ಟ'. ನನಗೆ ಸಿಟ್ಟು ಬರುವುದು ಇದಕ್ಕೇ. ಮೈಯ 70 ಭಾಗಕ್ಕಿಂತ ಹೆಚ್ಚು ಸುಟ್ಟು ಬದುಕಿದ 80 ಮಕ್ಕಳನ್ನು ಬಾಸ್ಟನ್‌ನ ವೈದ್ಯರು ವರ್ಷಗಳ ನಂತರ ಹುಡುಕಿ ಮಾತಾಡಿಸಿದರು. ರಾಬರ್ಟ್ ಶೆರಿಡನ್ ಮತ್ತು ಜೊತೆಗಾರರ ಆ ವರದಿ 2000ದಲ್ಲಿ ಬಂತು. ಕೆಲವರಿಗೆ ದೈಹಿಕ ತೊಂದರೆ ಉಳಿದಿತ್ತು, ನಿಜ. ಆದರೆ ಹೆಚ್ಚಿನವರ ಜೀವನದ ಗುಣಮಟ್ಟ ಸಾಮಾನ್ಯ ಜನರಿಗೆ ಹತ್ತಿರ ಹತ್ತಿರವೇ ಇತ್ತು. ಚೆನ್ನಾಗಿ ಚೇತರಿಸಿಕೊಂಡವರಲ್ಲಿ ಏನು ಕಂಡಿತು ಗೊತ್ತಾ? ಮನೆಯವರ ಬೆಂಬಲ, ಬೇಗ ಹಳೆಯ ಚಟುವಟಿಕೆಗೆ ಮರಳಿದ್ದು, ಮತ್ತು ಎರಡು ವರ್ಷ ತಪ್ಪದೆ ಸುಟ್ಟಗಾಯದ ಕ್ಲಿನಿಕ್ಕಿಗೆ ಬಂದದ್ದು. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ. ಮೂರನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ.

ಹೊರಗಿನ ಜನರ ಪಾತ್ರವೂ ಕಡಿಮೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಮುಖ ಕೈ ಸುಟ್ಟ ವಿಮಾನ ಯೋಧರಿಗೆ ಆರ್ಚಿಬಾಲ್ಡ್ ಮೆಕಿಂಡೋ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಆಪರೇಷನ್ ಮಾಡುತ್ತಿದ್ದರು. ಇನ್ನೂ ಎಷ್ಟೋ ಆಪರೇಷನ್ ಬಾಕಿ ಇದ್ದಾಗಲೇ ಅವರನ್ನು ಊರೊಳಗೆ ಓಡಾಡೋಕೆ ಬಿಡುತ್ತಿದ್ದರು, ಊರಿನವರಿಗೆ ಮೊದಲೇ ವಿಷಯ ಹೇಳಿ ಒಪ್ಪಿಸಿದ್ದರು. ದಿಟ್ಟಿಸಿ ನೋಡದ ಊರು ಅಂತಲೇ ಅದಕ್ಕೆ ಹೆಸರು ಬಂತು. ಯೋಧರು 1941ರಲ್ಲಿ ತಮ್ಮದೇ ಒಂದು ಕ್ಲಬ್ ಕಟ್ಟಿಕೊಂಡು ಅದನ್ನು ದಶಕಗಟ್ಟಲೆ ನಡೆಸಿದರು. ಅಮೆರಿಕದಲ್ಲಿ ವಿಮಾನ ಅಪಘಾತದಲ್ಲಿ ಸುಟ್ಟು ಬದುಕಿದ ಆಲನ್ ಬ್ರೆಸ್ಲೌ 1977ರಲ್ಲಿ ತಮ್ಮಂಥವರಿಗಾಗಿ ಫೀನಿಕ್ಸ್ ಸೊಸೈಟಿ ಶುರು ಮಾಡಿದ್ದೂ ಇದೇ ಕಾರಣಕ್ಕೆ. ಇದೇ ದಾರಿ ನಡೆದು ಬಂದವರ ಒಂದು ಮಾತು ಹಾಸಿಗೆಯಲ್ಲಿರುವವರಿಗೆ ನಾಟುವ ಹಾಗೆ ನನ್ನ ಮಾತು ನಾಟುವುದಿಲ್ಲ. ಎಷ್ಟೋ ಸಲ ನೋಡಿದ್ದೇನೆ. ಹಳೆಯ ಪೇಷಂಟ್ ಬಂದು ತನ್ನ ತೋಳು ಮೇಲೆತ್ತಿ ತೋರಿಸಿದರೆ ಸಾಕು, ಆ ದಿನ ವ್ಯಾಯಾಮಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಅವರಿಗೆ ವಾರ್ಡಿನೊಳಗೆ ಬರೋಕೆ ಒಂದು ಪಾಸ್ ಕೊಡಿ, ಅಷ್ಟು ಸಾಕು.

ಕೆಲಸದ ವಿಷಯದಲ್ಲಿ ಒಂದೇ ಅಂಕಿ ಹೇಳುತ್ತೇನೆ. ಕೆಲಸಕ್ಕೆ ಮರಳುವ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದ 2012ರ ಒಂದು ಪರಿಶೀಲನೆಯಲ್ಲಿ ಸುಮಾರು ಶೇಕಡಾ 28 ಭಾಗ ಜನ ಯಾವ ಕೆಲಸಕ್ಕೂ ಮರಳಲೇ ಇಲ್ಲ. ನಿಮ್ಮ ವಾರ್ಡಿನಲ್ಲಿ ಎಷ್ಟು? ಗೊತ್ತಿಲ್ಲ ಅಲ್ವಾ. ಯಾರೂ ಕೇಳಿಲ್ಲ.

ಕೇಳೋಕೆ ಸಾಧನ ಇಲ್ಲ ಅನ್ನಬೇಡಿ. ಸುಟ್ಟಗಾಯದವರಿಗೆಂದೇ ಮಾಡಿದ ಪ್ರಶ್ನಾವಳಿ 1982ರಿಂದ ಇದೆ. ಅದನ್ನು 2001ರಲ್ಲಿ 40 ಪ್ರಶ್ನೆಗೆ ಇಳಿಸಿದರು. ಕೈಯಿಂದ ಮಾಡುವ ಕೆಲಸ, ಬಿಸಿ ತಡೆಯುವುದು, ಮನಸ್ಸು, ದುಡಿಮೆ, ಮನೆಯವರ ಜೊತೆ ಸಂಬಂಧ, ತನ್ನ ರೂಪದ ಬಗ್ಗೆ ಅನಿಸಿಕೆ, ಲೈಂಗಿಕ ಜೀವನ ಎಲ್ಲ ಇದೆ ಅದರಲ್ಲಿ. ಆ ಕೊನೆಯದನ್ನು ನಮ್ಮ ವಾರ್ಡಿನಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕಾಗದದ ಮೇಲೆ ಇದ್ದರೆ ಪೇಷಂಟ್ ತಾನೇ ಗುರುತು ಹಾಕುತ್ತಾರೆ. ಕಾಯುವ ಕುರ್ಚಿಯಲ್ಲಿ ಕೂತೇ ತುಂಬಿಸಬಹುದು.

ಹಾಗಾಗಿ ನಾನು ಕೇಳುವುದು ಇಷ್ಟು. ಡಿಸ್ಚಾರ್ಜ್ ಆಗುವ ದಿನವೇ ಮುಂದಿನ ಭೇಟಿಯ ತಾರೀಕು ಕೊಡಿ, 'ತೊಂದರೆ ಇದ್ದರೆ ಬನ್ನಿ' ಅಂತ ಬರೆಯಬೇಡಿ. ತೊಂದರೆ ಗೊತ್ತಾಗುವ ಹೊತ್ತಿಗೆ ಕೀಲು ಕಟ್ಟಿರುತ್ತದೆ. ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹಾಗೇ ಬಿಡುವು ಹೆಚ್ಚಿಸುತ್ತಾ ಎರಡು ವರ್ಷ. ದೂರದವರಿಗೆ ಬರಲಾಗದಿದ್ದರೆ ವಿಡಿಯೋ ಕರೆ ಮಾಡಿ, ಮುಷ್ಟಿ ಹಿಡಿಯಿರಿ, ಕೈ ಮೇಲೆತ್ತಿ, ಬಾಯಿ ತೆರೆಯಿರಿ ಅಂದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. ಬಾರದವರಿಗೆ ಫೋನ್ ಮಾಡೋಕೆ ಒಬ್ಬರನ್ನು ಇಡಿ. ಫಿಸಿಯೋಥೆರಪಿಸ್ಟ್ ಮೊದಲ ದಿನದಿಂದಲೇ, ಪೇಷಂಟ್ ಐಸಿಯುನಲ್ಲಿ ಇರುವಾಗಲೇ ಬರಲಿ, ಕಸಿ ಹಿಡಿದ ಮೇಲೆ ಕರೆಯುವುದು ತಡ. ಹಣ ಎಲ್ಲಿ ಅನ್ನುತ್ತೀರಿ. ಒಂದು ಬಿಗಿದ ಕತ್ತು ಬಿಡಿಸುವ ಆಪರೇಷನ್ನಿಗೆ ಸರ್ಜನ್, ಅರಿವಳಿಕೆ, ಥಿಯೇಟರ್, ಮತ್ತೆ ವಾರಗಟ್ಟಲೆ ಹಾಸಿಗೆ ಬೇಕು, ಅದನ್ನು ತಡೆಯೋಕೆ ಒಂದು ಕಾಲರ್ ಸ್ಪ್ಲಿಂಟ್ ಮತ್ತು ಅದನ್ನು ಸರಿಯಾಗಿ ಹಾಕಿಕೊಂಡಿದ್ದಾರಾ ಅಂತ ನೋಡುವ ಒಬ್ಬರು ಸಾಕು. ಲೆಕ್ಕ ನಿಮಗೇ ಚೆನ್ನಾಗಿ ಬರುತ್ತದೆ.

ಎರಡು ವರ್ಷದ ನಂತರವೂ ಬಾಗಿಲು ಪೂರ್ತಿ ಹಾಕಬೇಡಿ. ಹಳೆಯ ಸುಟ್ಟ ಕಲೆಯಲ್ಲಿ ಬಹಳ ವರ್ಷಗಳಾದ ಮೇಲೆ ವಾಸಿಯಾಗದ ಹುಣ್ಣು ಎದ್ದರೆ ಅದು ಕ್ಯಾನ್ಸರ್ ಆಗಿರಬಹುದು. 1828ರಲ್ಲೇ ಇಂಥ ಹುಣ್ಣುಗಳನ್ನು ವಿವರಿಸಿದ ಫ್ರೆಂಚ್ ಸರ್ಜನ್ ಮಾರ್ಜೊಲಿನ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಪರೂಪ, ಆದರೆ ಬರುತ್ತದೆ. 'ಹಳೇ ಕಲೆಯಲ್ಲಿ ಹುಣ್ಣಾಗಿ ಕೆಲವು ವಾರದಲ್ಲಿ ಮಾಯದಿದ್ದರೆ ತೋರಿಸಿ' ಅನ್ನುವ ಒಂದು ಸಾಲು ಡಿಸ್ಚಾರ್ಜ್ ಕಾಗದದಲ್ಲಿ ಇರಲಿ.

ಮತ್ತೆ ಆ ವರದಿ. 'ಬದುಕಿದವರು' ಅನ್ನುವ ಕಾಲಂ ಪಕ್ಕ ಇನ್ನೂ ನಾಲ್ಕು ಗೆರೆ ಎಳೆಯಿರಿ. ಒಂದು ವರ್ಷದ ನಂತರ ಬಂದು ತೋರಿಸಿದವರು ಎಷ್ಟು, ಕೀಲು ಬಿಗಿದು ಆಪರೇಷನ್ ಬೇಕಾದವರು ಎಷ್ಟು, ಕೆಲಸಕ್ಕೋ ಶಾಲೆಗೋ ಮರಳಿದವರು ಎಷ್ಟು, ಮನೋವೈದ್ಯರನ್ನೋ ಕೌನ್ಸೆಲರನ್ನೋ ಕಂಡವರು ಎಷ್ಟು. ಮೊದಲ ವರ್ಷ ಬಹಳ ಕಡೆ ಸೊನ್ನೆ ಬರುತ್ತದೆ, ಕೆಲವು ಕಡೆ ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರನ್ನು ಯಾಕೆ ಅಂತ ಕೇಳಿ. ತುಂಬಿಸೋಕೆ ಜನ ಬೇಕು ಅಂದರೆ ನಮ್ಮ ವಾರ್ಡಿನ ಕಾಲಂಗಳನ್ನು ನಾನೇ ತುಂಬಿಸಿಕೊಡುತ್ತೇನೆ, ಫಾರಂ ಕಳಿಸಿ.

ಇಂತಿ,
ಸುಟ್ಟಗಾಯದ ವಾರ್ಡಿನ ಒಬ್ಬ ಫಿಸಿಯೋಥೆರಪಿಸ್ಟ್